ರಿಮೀಡಿಯಲ್ ಕ್ಲಾಸಿಗೆ ಹೋದ್ರೆ ಬೇಸಿಕ್ ಟೆಸ್ಟ್ ಪಾಸಾಗುತ್ತಾ? ಹಾಸನದ ಡಿಗ್ರಿ ಮಕ್ಕಳು, ಅಪ್ಪ ಅಮ್ಮಂದಿರು ಪದೇ ಪದೇ ಕೇಳೋ ಪ್ರಶ್ನೆಗಳು

ನಾನು ಹಾಸನದಲ್ಲಿ ಡಿಗ್ರಿ ಮಕ್ಕಳಿಗೆ ಮ್ಯಾಥ್ಸ್ ಹೇಳ್ಕೊಡ್ತೀನಿ, ಮಧ್ಯಾಹ್ನದ ಮೇಲೆ ರಿಮೀಡಿಯಲ್ ಬ್ಯಾಚೂ ತಗೋತೀನಿ. ಪ್ರತಿ ವರ್ಷ ಮೊದಲ ಇಂಟರ್ನಲ್ಸ್ ಮಾರ್ಕ್ಸ್ ಬಂದ ಕೂಡ್ಲೇ ಇದೇ ಪ್ರಶ್ನೆಗಳು ಶುರುವಾಗ್ತವೆ, ಸ್ಟಾಫ್ ರೂಮ್ ಬಾಗಿಲಲ್ಲಿ ನಿಂತ್ಕೊಂಡು ಕೇಳ್ತಾರೆ, ಬಸ್ ಸ್ಟ್ಯಾಂಡಲ್ಲಿ ಸಿಕ್ಕಿದ ಅಪ್ಪಂದಿರು ಕೇಳ್ತಾರೆ, ರಾತ್ರಿ ಹತ್ತೂವರೆಗೆ ವಾಟ್ಸಾಪಲ್ಲೂ ಬರುತ್ತೆ. ಒಬ್ಬೊಬ್ಬರಿಗೆ ಅರ್ಧಂಬರ್ಧ ಹೇಳೋ ಬದ್ಲು ಎಲ್ಲಾ ಒಂದ್ಕಡೆ ಬರೆದಿಡೋಣ ಅಂತ ಕೂತೆ, ಸ್ವಲ್ಪ ಉದ್ದ ಆಗಿದೆ, ನಿಮಗೆ ಬೇಕಾದ ಪ್ರಶ್ನೆಗೆ ನೇರ ಹೋಗಿ ಓದ್ಕೊಳ್ಳಿ.

ರಿಮೀಡಿಯಲ್ ಕ್ಲಾಸ್ ಅಂದ್ರೆ ಟ್ಯೂಷನ್ನೇ ಅಲ್ವಾ?

ಅಲ್ಲ. ಟ್ಯೂಷನಲ್ಲಿ ಈ ಸೆಮಿಸ್ಟರಿನ ಪಾಠಾನೇ ಇನ್ನೊಂದ್ಸಲ ಹೇಳ್ತಾರೆ. ಬ್ರಿಡ್ಜ್ ಕೋರ್ಸ್ ಅಂದ್ರೆ ಪಿಯುಸಿಯಿಂದ ಡಿಗ್ರಿಗೆ ಬಂದವರಿಗೆ ಮೊದಲ ಒಂದೆರಡು ವಾರ ಕೊಡೋ ಪರಿಚಯ. ರಿಮೀಡಿಯಲ್ ಅಂದ್ರೆ ಹಿಂದೆ ಎಲ್ಲೋ ಬಿಟ್ಟುಹೋಗಿದ್ದನ್ನ, ಅದು ಏಳನೇ ಕ್ಲಾಸಿನ ಭಿನ್ನರಾಶಿ ಆಗಿರಬಹುದು ಇಂಗ್ಲಿಷಲ್ಲಿ ಒಂದು ಪ್ಯಾರಾ ಓದಿ ಅರ್ಥ ಮಾಡ್ಕೊಳ್ಳೋದು ಆಗಿರಬಹುದು, ಅಲ್ಲಿಗೇ ವಾಪಸ್ ಹೋಗಿ ಸರಿ ಮಾಡ್ಕೊಂಡು ಬರೋದು. ಯುಜಿಸಿಯವರು ಎಸ್‌ಸಿ, ಎಸ್‌ಟಿ, ಹಿಂದುಳಿದ ವರ್ಗ, ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ಅಂತ ರಿಮೀಡಿಯಲ್ ಕೋಚಿಂಗ್ ಸ್ಕೀಮ್ ಮಾಡಿದ್ದು ಇದೇ ಉದ್ದೇಶಕ್ಕೆ, ಬೇಸಿಕ್ ಸಬ್ಜೆಕ್ಟಲ್ಲಿ ಗಟ್ಟಿಯಾಗ್ಲಿ, ಫೇಲ್ ಆಗಿ ಕಾಲೇಜ್ ಬಿಡೋದು ಕಮ್ಮಿ ಆಗ್ಲಿ ಅಂತ. ಕಾಲೇಜಿಗೆ ಗ್ರೇಡ್ ಕೊಡೋ ನ್ಯಾಕ್‌ನೋರು ಬಂದಾಗ್ಲೂ ಸ್ಲೋ ಲರ್ನರ್ಸ್‌ಗೆ ಏನು ಮಾಡ್ತೀರ ಅಂತ ಕೇಳೇ ಕೇಳ್ತಾರೆ. ಹಾಗಾಗಿ ರಿಮೀಡಿಯಲ್ ಅನ್ನೋ ಹೆಸರು ಸುಮಾರು ಕಾಲೇಜಿನ ಟೈಮ್‌ಟೇಬಲಲ್ಲಿ ಇರುತ್ತೆ. ಹೆಸರಿನ ಕೆಳಗೆ ಏನು ನಡೆಯುತ್ತೆ ಅನ್ನೋದು ಮಾತ್ರ ಒಂದೊಂದು ಕಡೆ ಒಂದೊಂದು ಥರ.

ನೀವು ಬೇಸಿಕ್ ಟೆಸ್ಟ್ ಅಂತಿರೋದು ಯಾವುದಕ್ಕೆ?

ಡಿಗ್ರಿ ಮುಗಿಸೋ ಹೊತ್ತಿಗೆ ನಿಮ್ಮ ಮುಂದೆ ಬರೋ ಎಲ್ಲಾ ಅರ್ಹತಾ ಪರೀಕ್ಷೆಗಳಿಗೆ. ಕ್ಯಾಂಪಸ್ ಡ್ರೈವಲ್ಲಿ ಮೊದಲ ರೌಂಡೇ ಆಪ್ಟಿಟ್ಯೂಡ್, ಪರ್ಸೆಂಟೇಜ್, ರೇಶಿಯೋ, ಟೈಮ್ ಅಂಡ್ ವರ್ಕ್, ಒಂದು ಇಂಗ್ಲಿಷ್ ಪ್ಯಾಸೇಜ್. ಬಿಎಡ್ ಮಾಡಿದವರಿಗೆ ಟಿಇಟಿ, ಅಂದ್ರೆ ಟೀಚರ್ ಆಗೋಕೆ ಬೇಕಾದ ಅರ್ಹತಾ ಪರೀಕ್ಷೆ, 150 ಪ್ರಶ್ನೆ, ಎರಡೂವರೆ ಗಂಟೆ, ಮೀಸಲಾತಿ ಸಡಿಲಿಕೆ ಇಲ್ಲದವರು ಪಾಸಾಗೋಕೆ 60 ಪರ್ಸೆಂಟ್ ಅಂದ್ರೆ 90 ಮಾರ್ಕ್ಸ್, ನೆಗೆಟಿವ್ ಮಾರ್ಕಿಂಗ್ ಇಲ್ಲ. ರಾಜ್ಯ ಸರ್ಕಾರಿ ಕೆಲಸಕ್ಕೆ ಕೆಪಿಎಸ್‌ಸಿಯವರು ಇಡೋ ಕಡ್ಡಾಯ ಕನ್ನಡ ಪೇಪರ್ 150ಕ್ಕೆ, ಅದ್ರಲ್ಲಿ ಕನಿಷ್ಠ 50 ಬರ್ಬೇಕು, ಎಸ್‌ಎಸ್‌ಎಲ್‌ಸಿ ಲೆವೆಲ್ಲೇ. ಇದ್ರಲ್ಲಿ ಯಾವುದೂ ಡಿಗ್ರಿ ಸಿಲಬಸ್ ಕೇಳಲ್ಲ, ಟಿಇಟಿಯಲ್ಲಿ ಮಗುವಿನ ಬೆಳವಣಿಗೆ, ಕಲಿಸೋ ವಿಧಾನದ ಬಗ್ಗೆ ಬರೋ ಪ್ರಶ್ನೆ ಬಿಟ್ರೆ ಹೆಚ್ಚುಕಮ್ಮಿ ಎಲ್ಲಾ ಹತ್ತನೇ ಕ್ಲಾಸೊಳಗಿನ ವಿಷಯ, ಆದ್ರೂ ಜನ ಬೀಳೋದು ಅಲ್ಲೇ.

ನೇರ ಉತ್ತರ ಕೊಡಿ. ರಿಮೀಡಿಯಲ್‌ಗೆ ಹೋದ್ರೆ ಪಾಸಾಗ್ತೀವಾ ಇಲ್ವಾ?

ಕ್ಲಾಸಲ್ಲಿ ಹೋಗಿ ಕೂತಿದ್ದಕ್ಕೇ ಪಾಸಾಗಲ್ಲ. ನಿಮಗೆ ಗೊತ್ತಿಲ್ಲದೇ ಇರೋದು ಏನು ಅಂತ ಮೊದಲು ಹುಡುಕಿ, ಅದನ್ನೇ ಹಿಡಿದು, ದಿನಾ ನಿಮ್ಮ ಕೈಯಲ್ಲೇ ಮಾಡಿಸೋ ಕ್ಲಾಸ್ ಆದ್ರೆ ಖಂಡಿತ ಉಪಯೋಗ ಆಗುತ್ತೆ. ಅದೇ ಪಾಠ ಅದೇ ಸ್ಪೀಡಲ್ಲಿ ಇನ್ನೊಂದ್ಸಲ ಬೋರ್ಡ್ ಮೇಲೆ ಬರೆಯೋ ಕ್ಲಾಸ್ ಆದ್ರೆ ನಿಮ್ಮ ಬಸ್ಸು ತಪ್ಪೋದಷ್ಟೇ ಲಾಭ, ಇದನ್ನ ಬೇಜಾರಿಂದಲೇ ಹೇಳ್ತಿದೀನಿ, ಯಾಕಂದ್ರೆ ಮೊದಲ ಎರಡು ವರ್ಷ ನಾನೂ ಹಾಗೇ ತಗೊಂಡಿದ್ದೆ, ಮಕ್ಕಳು ನಂಬಿ ಬಂದು ಕೂರ್ತಿದ್ರು.

ಇದು ನಿಮ್ಮ ಅನುಭವನಾ, ಇಲ್ಲಾ ಯಾರಾದ್ರೂ ಲೆಕ್ಕ ಹಾಕಿ ನೋಡಿದಾರಾ?

ನೋಡಿದಾರೆ, ಜಾಸ್ತಿ ನೋಡಿರೋದು ಅಮೆರಿಕದಲ್ಲಿ. ಅಲ್ಲಿ ಕಮ್ಯುನಿಟಿ ಕಾಲೇಜ್ ಅಂತ ಇದೆ, ನಮ್ಮ ಸರ್ಕಾರಿ ಡಿಗ್ರಿ ಕಾಲೇಜ್ ಥರ ಯಾರು ಬೇಕಾದ್ರೂ ಸೇರಬಹುದು. ಸೇರಿದ ಕೂಡ್ಲೇ ಓದೋದು, ಬರೆಯೋದು, ಲೆಕ್ಕ, ಮೂರರಲ್ಲೂ ಒಂದು ಟೆಸ್ಟ್, ಕಟ್‌ಆಫ್‌ಗಿಂತ ಕಮ್ಮಿ ಬಂದ್ರೆ ರಿಮೀಡಿಯಲ್‌ಗೆ ಹಾಕ್ತಿದ್ರು. ಟೆಕ್ಸಾಸ್‌ನಲ್ಲಂತೂ 1989ರಿಂದ ಇಡೀ ರಾಜ್ಯಕ್ಕೆ ಕಡ್ಡಾಯ ಟೆಸ್ಟ್ ತಂದ್ರು.

ಈಗ ನೋಡಿ, ರಿಮೀಡಿಯಲ್‌ಗೆ ಹೋದವರನ್ನ ಹೋಗದೇ ಇದ್ದವರ ಜೊತೆ ಸುಮ್ನೆ ಹೋಲಿಸಿದ್ರೆ ನ್ಯಾಯ ಆಗಲ್ಲ, ಹೋದವರು ಮೊದಲೇ ವೀಕ್ ಇದ್ದವರು. ಅದಕ್ಕೆ ಒಂದು ಒಳ್ಳೆ ಉಪಾಯ ಮಾಡಿದ್ರು. ನಮ್ಮ ಲೆಕ್ಕದಲ್ಲಿ ಹೇಳ್ಬೇಕಂದ್ರೆ ಪಾಸ್ ಮಾರ್ಕ್ಸ್ 35 ಅಂತಿಟ್ಕೊಳ್ಳಿ, ಒಬ್ಬ 34 ತೆಗೆದ, ಇನ್ನೊಬ್ಬ 36. ಇವರಿಬ್ಬರ ತಿಳುವಳಿಕೆಯಲ್ಲಿ ವ್ಯತ್ಯಾಸ ಏನಿರುತ್ತೆ ಹೇಳಿ, ಒಬ್ಬನಿಗೆ ಒಂದು ಪ್ರಶ್ನೆ ಹೊಂದ್ತು ಇನ್ನೊಬ್ಬನಿಗೆ ಹೊಂದ್ಲಿಲ್ಲ ಅಷ್ಟೆ. ಆದ್ರೆ 34ರವನು ರಿಮೀಡಿಯಲ್‌ಗೆ ಹೋಗ್ತಾನೆ, 36ರವನು ನೇರ ಮೇನ್ ಕ್ಲಾಸಿಗೆ ಹೋಗ್ತಾನೆ. ಎರಡು ಮೂರು ವರ್ಷ ಆದ್ಮೇಲೆ ಇಬ್ಬರೂ ಎಲ್ಲಿದಾರೆ ಅಂತ ನೋಡಿದ್ರೆ ರಿಮೀಡಿಯಲ್ ಏನು ಮಾಡ್ತು ಅಂತ ಗೊತ್ತಾಗುತ್ತೆ.

ಟೆಕ್ಸಾಸ್ ಮಕ್ಕಳ ಮೇಲೆ ಮಾರ್ಟೊರೆಲ್, ಮೆಕ್‌ಫಾರ್ಲಿನ್ ಅನ್ನೋರು ಹೀಗೆ ನೋಡಿ 2011ರಲ್ಲಿ ಬರೆದ್ರು, ಡಿಗ್ರಿ ಮುಗಿಸೋದ್ರಲ್ಲಾಗ್ಲಿ ಆಮೇಲಿನ ಸಂಬಳದಲ್ಲಾಗ್ಲಿ ಹೇಳ್ಕೊಳ್ಳೋ ಅಂಥ ಉಪಯೋಗ ಕಾಣಲಿಲ್ಲ. ಫ್ಲಾರಿಡಾದಲ್ಲಿ ಸುಮಾರು 1 ಲಕ್ಷ ವಿದ್ಯಾರ್ಥಿಗಳನ್ನ ಇಟ್ಕೊಂಡು 2008ರಲ್ಲಿ ಬಂದ ಸ್ಟಡಿಯಲ್ಲಿ ಎರಡನೇ ವರ್ಷದ ತನಕ ಉಳ್ಕೊಳ್ಳೋದಕ್ಕೆ ಸ್ವಲ್ಪ ಸಹಾಯ ಆಯ್ತು, ಆದ್ರೆ ಡಿಗ್ರಿ ತನಕ ಆ ಸಹಾಯ ಮುಟ್ಟಲಿಲ್ಲ. ಒಹಾಯೋದಲ್ಲಿ ಮಾತ್ರ ಬೆಟ್ಟಿಂಜರ್, ಲಾಂಗ್ ಅನ್ನೋರು ಬೇರೆ ವಿಧಾನದಲ್ಲಿ ನೋಡಿದಾಗ, 2009ರಲ್ಲಿ, ಅದೇ ಥರದ ಮಕ್ಕಳಲ್ಲಿ ರಿಮೀಡಿಯಲ್‌ಗೆ ಹೋದವರೇ ಜಾಸ್ತಿ ಉಳ್ಕೊಂಡಿದ್ರು, ಡಿಗ್ರೀನೂ ಮುಗಿಸಿದ್ರು. ಅಂದ್ರೆ ಒಂದೇ ಹೆಸರು, ಮೂರು ಕಡೆ ಮೂರು ಥರ ಫಲ.

ಹಾಗಾದ್ರೆ 34ರವನ ಕಥೆ ಗೊತ್ತಾಯ್ತು, 10 ತೆಗೆದವನ ಕಥೆ?

ಈ ಪ್ರಶ್ನೆ ನನ್ನ ಬ್ಯಾಚಿನ ಒಬ್ಬ ಹುಡುಗನೇ ಕೇಳಿದ್ದು, ತುಂಬಾ ಸರಿಯಾದ ಪ್ರಶ್ನೆ. ಪಾಸ್ ಮಾರ್ಕ್ಸ್ ಗೆರೆ ಹತ್ತಿರ ಇರೋರನ್ನ ಮಾತ್ರ ನೋಡಿದ್ರೆ ತಳದಲ್ಲಿರೋರ ಬಗ್ಗೆ ಏನೂ ಗೊತ್ತಾಗಲ್ಲ. ಟೆನೆಸ್ಸಿಯಲ್ಲಿ ಇದನ್ನ ಬೇರೆ ಬೇರೆ ಮಾಡಿ ನೋಡಿದ್ರು, 2018ರಲ್ಲಿ ಬಂತು, ಗೆರೆ ಪಕ್ಕದಲ್ಲೇ ಇದ್ದವರಿಗೆ ರಿಮೀಡಿಯಲ್‌ನಿಂದ ನಷ್ಟವೇ ಜಾಸ್ತಿ, ತುಂಬಾ ಕೆಳಗಿದ್ದವರಿಗೆ ನಷ್ಟ ಕಮ್ಮಿ, ಕೆಲವು ವಿಷಯದಲ್ಲಿ ಲಾಭಾನೂ ಆಯ್ತು. ನನಗೂ ಹಾಗೇ ಅನ್ಸುತ್ತೆ. ಸ್ವಲ್ಪದರಲ್ಲಿ ಬಿದ್ದವರಿಗೆ ಮೇನ್ ಕ್ಲಾಸ್ ಬಿಡಿಸಿ ವರ್ಷಗಟ್ಟಲೆ ಹಿಂದಿನ ಪಾಠ ಹೇಳೋದು ಅನ್ಯಾಯ. ನಿಜವಾಗ್ಲೂ ಭಾಗಾಕಾರ ಬರದೇ ಇರೋ ಮಗುವಿಗೆ ಏನೂ ಮಾಡದೇ ಮುಂದಿನ ಸೆಮ್‌ಗೆ ತಳ್ಳೋದು ಅದಕ್ಕಿಂತ ದೊಡ್ಡ ಅನ್ಯಾಯ.

ಡಿಗ್ರಿಗೆ ಬಂದವರಿಗೆ ಭಾಗಾಕಾರ ಬರಲ್ಲ ಅಂತೀರಾ?

ಬರಲ್ಲ ಅಂದ್ರೆ ಬಯ್ದ ಹಾಗಲ್ಲ ಕಣ್ರೀ. ಪ್ರಥಮ್ ಸಂಸ್ಥೆ ಅಸರ್ ಅಂತ ಒಂದು ಸರ್ವೇ ಮಾಡುತ್ತೆ, 2023ರಲ್ಲಿ 14ರಿಂದ 18 ವಯಸ್ಸಿನ ಹಳ್ಳಿ ಮಕ್ಕಳನ್ನ ನೋಡಿದ್ರು. ಸುಮಾರು ಕಾಲು ಭಾಗ ಮಕ್ಕಳಿಗೆ ತಮ್ಮದೇ ಭಾಷೆಯ ಎರಡನೇ ಕ್ಲಾಸಿನ ಪಾಠ ಸರಾಗವಾಗಿ ಓದೋಕೆ ಆಗಲಿಲ್ಲ, ಮೂರು ಅಂಕಿಯನ್ನ ಒಂದು ಅಂಕಿಯಿಂದ ಭಾಗಿಸೋ ಲೆಕ್ಕ ಮಾಡಿದ್ದು 43 ಪರ್ಸೆಂಟ್ ಚಿಲ್ಲರೆ ಮಕ್ಕಳು ಮಾತ್ರ. ಇದೇ ವಯಸ್ಸಿನವರೇ ಒಂದೆರಡು ವರ್ಷಕ್ಕೆ ನಮ್ಮ ಬೆಂಚಲ್ಲಿ ಕೂರೋದು.

ನಾನು ಪ್ರತಿ ಬ್ಯಾಚಿಗೂ ಮೊದಲ ದಿನ 618ನ್ನ 6ರಿಂದ ಭಾಗಿಸಿ ಅಂತ ಕೊಡ್ತೀನಿ. 103 ಬರ್ಬೇಕು. 13 ಅಂತ ಬರೆಯೋರು ಪ್ರತಿ ಸಲ ಇರ್ತಾರೆ, ಮಧ್ಯದ ಸೊನ್ನೆ ಬಿಟ್ಟುಹೋಗಿರುತ್ತೆ. ಅವರಿಗೆ ಭಾಗಾಕಾರ ಪೂರ್ತಿ ಬರಲ್ಲ ಅಂತಲ್ಲ, ಒಂದು ಮೆಟ್ಟಲು ಮುರಿದಿದೆ ಅಷ್ಟೆ, ಅದನ್ನ ಯಾರೂ ಇಷ್ಟು ವರ್ಷ ಪಕ್ಕದಲ್ಲಿ ಕೂತು ನೋಡ್ಲಿಲ್ಲ. ಹಾಗೇ 1/2 ಕೂಡಿಸು 1/3 ಅಂದ್ರೆ 2/5 ಅಂತ ಬರೀತಾರೆ. ನಾನು ತಪ್ಪು ಅಂತ ಗೀಚಲ್ಲ, ಅರ್ಧ ಅಕ್ಕಿ ರೊಟ್ಟಿ ತಟ್ಟೇಲಿದೆ, ಅದಕ್ಕೆ ಇನ್ನೊಂದು ತುಂಡು ಹಾಕಿದೆ, ಈಗ ಅರ್ಧಕ್ಕಿಂತ ಜಾಸ್ತಿ ಇರ್ಬೇಕೋ ಕಮ್ಮಿ ಇರ್ಬೇಕೋ ಅಂತ ಕೇಳ್ತೀನಿ. ಜಾಸ್ತಿ ಅಂತಾರೆ. 2/5 ಅರ್ಧಕ್ಕಿಂತ ಕಮ್ಮಿ ತಾನೇ ಅಂದಾಗ ಮುಖದಲ್ಲಿ ಒಂದು ಬದಲಾವಣೆ ಆಗುತ್ತೆ, ಆ ಒಂದು ಕ್ಷಣಕ್ಕೆ ಒಂದು ವಾರದ ಲೆಕ್ಚರ್ ಸಮ ಅಲ್ಲ.

ನಾನು ಸೇರೋ ಕ್ಲಾಸ್ ಚೆನ್ನಾಗಿದೆಯೋ ಇಲ್ವೋ ಅಂತ ಹೆಂಗೆ ಗೊತ್ತಾಗೋದು?

ಮೊದಲ ವಾರದಲ್ಲೇ ಗೊತ್ತಾಗುತ್ತೆ. ನಿಮಗೆ ಒಂದು ಸಣ್ಣ ಟೆಸ್ಟ್ ಕೊಟ್ರಾ, ಕೊಟ್ಟು ಮಾರ್ಕ್ಸ್ ಹಾಕಿ ಸುಮ್ನಾದ್ರಾ ಇಲ್ಲಾ ಯಾವ ಲೆಕ್ಕ ಯಾಕೆ ತಪ್ಪಾಯ್ತು ಅಂತ ನಿಮ್ಮನ್ನೇ ಕೇಳಿದ್ರಾ? ಒಂದು ಗಂಟೆಯಲ್ಲಿ ಚಾಕ್‌ಪೀಸ್ ಯಾರ ಕೈಯಲ್ಲಿ ಜಾಸ್ತಿ ಹೊತ್ತು ಇತ್ತು, ಮೇಷ್ಟ್ರ ಕೈಯಲ್ಲೋ ಮಕ್ಕಳ ಕೈಯಲ್ಲೋ? ಒಂದು ರೂಮಲ್ಲಿ ಎಪ್ಪತ್ತು ಜನ ಕೂತಿದ್ರೆ ಅದು ರಿಮೀಡಿಯಲ್ ಆಗೋಕೆ ಸಾಧ್ಯಾನೇ ಇಲ್ಲ. ನಾನು ಹಿಂದೆ ಕೆಲಸ ಮಾಡಿದ್ದ ಒಂದು ಕಾಲೇಜಲ್ಲಿ ರಿಮೀಡಿಯಲ್ ಅಂದ್ರೆ ಅಟೆಂಡೆನ್ಸ್ ಶೀಟಿಗೆ ಸೈನ್ ಹಾಕಿಸ್ಕೊಂಡು ಫೋಟೋ ತೆಗೆದು ಕಳಿಸೋದು ಆಗಿತ್ತು. ಆಲೂರು ಕಡೆಯಿಂದ ಬರ್ತಿದ್ದ ಒಬ್ಬಳು ಹುಡುಗಿ ಫೋಟೋಗೆ ನಿಂತು, ಆಮೇಲೆ ನನ್ನ ಹತ್ರ ಬಂದು, ಮಿಸ್ ಇವತ್ತು ಏನಾದ್ರೂ ಹೇಳ್ಕೊಡ್ತೀರಾ, ಐದು ಗಂಟೆ ಬಸ್ ತನಕ ನಂಗೆ ಟೈಮ್ ಇದೆ ಅಂದ್ಲು. ಅದನ್ನ ನಾನು ಮರೆತಿಲ್ಲ, ಮರೆಯೋಕೂ ಆಗಲ್ಲ.

ಟೆಸ್ಟಲ್ಲಿ ಕಮ್ಮಿ ಬಂತು ಅಂದ್ರೆ ನಾನು ನಿಜವಾಗ್ಲೂ ವೀಕ್ ಅಂತ ಅರ್ಥನಾ?

ಒಂದು ಟೆಸ್ಟ್ ನೋಡಿ ಹಾಗೆ ತೀರ್ಮಾನ ಮಾಡಬೇಡಿ. ಅಮೆರಿಕದಲ್ಲೇ 2014ರ ಒಂದು ಸ್ಟಡಿ ಪ್ರಕಾರ ಕಾಲೇಜ್ ಸೇರಿದ ಕೂಡ್ಲೇ ಕೊಡೋ ಈ ಟೆಸ್ಟುಗಳು ಮ್ಯಾಥ್ಸಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರನ್ನ, ಇಂಗ್ಲಿಷಲ್ಲಿ ಮೂರರಲ್ಲಿ ಒಬ್ಬರನ್ನ ಪೂರ್ತಿ ತಪ್ಪು ಕ್ಲಾಸಿಗೆ ಹಾಕ್ತಿದ್ವು, ಹೈಸ್ಕೂಲ್ ಮಾರ್ಕ್ಸ್ ನೋಡಿದ್ರೇ ಅದಕ್ಕಿಂತ ಸರಿಯಾಗಿ ಗೊತ್ತಾಗ್ತಿತ್ತು. ಒಂದು ದಿನ ಜ್ವರ, ಒಂದು ದಿನ ಬಸ್ ಲೇಟು, ಕಂಪ್ಯೂಟರ್ ಮುಂದೆ ಮೊದಲ ಸಲ ಕೂತಿದ್ದು, ಇದೆಲ್ಲಾ ಆ ಮಾರ್ಕ್ಸಲ್ಲಿ ಸೇರಿರುತ್ತೆ.

ಮೇನ್ ಕ್ಲಾಸ್ ಬಿಟ್ಟು ಮೊದಲು ರಿಮೀಡಿಯಲ್ ಮುಗಿಸ್ಲಾ, ಇಲ್ಲಾ ಎರಡೂ ಒಟ್ಟಿಗೆ ಮಾಡ್ಲಾ?

ಒಟ್ಟಿಗೆ. ಇದ್ರಲ್ಲಿ ನನಗೆ ಡೌಟೇ ಇಲ್ಲ. ನ್ಯೂಯಾರ್ಕ್ ಸಿಟಿ ಯೂನಿವರ್ಸಿಟಿಯ ಮೂರು ಕಾಲೇಜಲ್ಲಿ ಇದನ್ನ ಚೀಟಿ ಎತ್ತಿದ ಹಾಗೆ ಮಾಡಿ ನೋಡಿದ್ರು. ರಿಮೀಡಿಯಲ್ ಆಲ್ಜೀಬ್ರಾ ಬೇಕು ಅಂತ ಟೆಸ್ಟ್ ಹೇಳಿದ್ದ ಸುಮಾರು 900 ಮಕ್ಕಳನ್ನ ಮೂರು ಗುಂಪು ಮಾಡಿ, ಒಂದು ಗುಂಪಿಗೆ ಬರೀ ರಿಮೀಡಿಯಲ್ ಆಲ್ಜೀಬ್ರಾ, ಒಂದಕ್ಕೆ ಅದೇ ಆಲ್ಜೀಬ್ರಾ ಜೊತೆ ವಾರಕ್ಕೊಂದು ವರ್ಕ್‌ಶಾಪ್, ಇನ್ನೊಂದಕ್ಕೆ ನೇರ ಕಾಲೇಜ್ ಲೆವೆಲ್ ಸ್ಟ್ಯಾಟಿಸ್ಟಿಕ್ಸ್, ಅದರ ಜೊತೆ ವರ್ಕ್‌ಶಾಪ್. ಬರೀ ಆಲ್ಜೀಬ್ರಾ ಗುಂಪಲ್ಲಿ ಪಾಸಾಗಿದ್ದು 39 ಪರ್ಸೆಂಟ್, ಕಷ್ಟದ ಸ್ಟ್ಯಾಟ್ಸ್ ಗುಂಪಲ್ಲಿ 56. ಮೇಲಿನ ಕೆಲಸ ಕೈಯಲ್ಲಿದ್ದಾಗ ಕೆಳಗಿನದು ಯಾಕೆ ಬೇಕು ಅಂತ ಮಕ್ಕಳಿಗೆ ಅರ್ಥ ಆಗುತ್ತೆ ಅಂತ ನನಗನ್ಸೋದು, ಗದ್ದೆಗೆ ಇಳಿದ್ಮೇಲೆ ಗುದ್ದಲಿ ಹಿಡಿಯೋದು ಬರುತ್ತಲ್ಲ ಹಾಗೆ. ಟೆನೆಸ್ಸಿ ರಾಜ್ಯ 2015ರಲ್ಲಿ ಈ ಒಟ್ಟಿಗೆ ಕಲಿಸೋ ಪದ್ಧತಿಗೇ ಬಂತು, ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳನ್ನ ಆದಷ್ಟು ನೇರ ಮೇನ್ ಕೋರ್ಸಿಗೇ ಹಾಕ್ಬೇಕು ಅಂತ 2017ರಲ್ಲಿ ಕಾನೂನೇ ಆಯ್ತು. ಅಲ್ಲಿ ಜಾಸ್ತಿ ಮಕ್ಕಳು ಒಂದೇ ವರ್ಷದಲ್ಲಿ ಮೇನ್ ಕೋರ್ಸ್ ಮುಗಿಸಿದ್ರು, ಹಾಗೇ ಮೇನ್ ಕೋರ್ಸಲ್ಲಿ ಫೇಲ್ ಆದವರೂ ಇದ್ದಾರೆ, ಪಕ್ಕದಲ್ಲಿ ಸಹಾಯಕ್ಕೆ ಒಬ್ಬರು ಇಲ್ಲದಿದ್ರೆ ಒಟ್ಟಿಗೆ ಕಲಿಸೋದೂ ನೀರಿಗೆ ತಳ್ಳಿದ ಹಾಗೇನೇ.

ಅಮೆರಿಕದ್ದು ಬಿಡಿ, ನಮ್ಮ ದೇಶದಲ್ಲಿ ಯಾರೂ ನೋಡಿಲ್ವಾ?

ಸ್ಕೂಲ್ ಮಕ್ಕಳಲ್ಲಿ ನೋಡಿದಾರೆ, ಚೆನ್ನಾಗೇ ನೋಡಿದಾರೆ. ಮುಂಬೈ ಮತ್ತು ವಡೋದರದಲ್ಲಿ ಬಾಲಸಖಿ ಅಂತ ಒಂದು ಕಾರ್ಯಕ್ರಮ ಇತ್ತು, ಅದೇ ಏರಿಯಾದ ಹೆಣ್ಮಕ್ಕಳು, ಹೈಸ್ಕೂಲ್ ಓದಿದವರು, ಮೂರನೇ ನಾಲ್ಕನೇ ಕ್ಲಾಸಲ್ಲಿ ಹಿಂದೆ ಬಿದ್ದ ಮಕ್ಕಳನ್ನ ಹದಿನೈದು ಇಪ್ಪತ್ತು ಜನರ ಗುಂಪು ಮಾಡಿ ದಿನಾ ಎರಡು ಗಂಟೆ ಕೂರಿಸ್ಕೊಂಡು ಕಲಿಸ್ತಿದ್ರು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೋ ಮತ್ತವರ ಜೊತೆಗಾರರು ಇದನ್ನ ಪರೀಕ್ಷೆ ಮಾಡಿ 2007ರಲ್ಲಿ ಬರೆದ್ರು, ಮಾರ್ಕ್ಸ್ ನಿಜವಾಗ್ಲೂ ಏರಿತ್ತು, ಅದ್ರಲ್ಲೂ ತೀರಾ ಹಿಂದಿದ್ದವರಲ್ಲಿ ಜಾಸ್ತಿ. ಇವರಿಬ್ಬರಿಗೇ ಮೈಕಲ್ ಕ್ರೆಮರ್ ಜೊತೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದಿದ್ದು. ಅಲ್ಲಿ ಕಲಿಸಿದವರಿಗೆ ದೊಡ್ಡ ಡಿಗ್ರಿ ಇರಲಿಲ್ಲ, ಸಣ್ಣ ಗುಂಪಿತ್ತು, ಮಗು ಎಲ್ಲಿದೆಯೋ ಅಲ್ಲಿಂದ ಶುರು ಮಾಡಿದ್ರು. ಕಾಲೇಜಿಗೆ ಇದನ್ನ ಹಾಗೇ ಎತ್ತಿ ಇಡೋಕಾಗಲ್ಲ ಒಪ್ತೀನಿ, ಇಪ್ಪತ್ತು ವರ್ಷದ ಹುಡುಗನಿಗೆ ಕಡ್ಡಿ ಎಣಿಸು ಅನ್ನೋಕಾಗುತ್ತಾ, ಅವಮಾನ ಆಗುತ್ತೆ. ಆದ್ರೆ ಸಣ್ಣ ಗುಂಪು ಮತ್ತು ಅವರಿರೋ ಜಾಗದಿಂದ ಶುರು ಮಾಡೋದು, ಇವೆರಡನ್ನ ತರಬಹುದಲ್ವಾ. ನನ್ನ ಬ್ಯಾಚಲ್ಲಿ ಈಗ ಫೈನಲ್ ಇಯರ್ ಮಕ್ಕಳೇ ಫಸ್ಟ್ ಇಯರ್‌ನವರಿಗೆ ಹೇಳ್ಕೊಡ್ತಾರೆ, ನನಗಿಂತ ಚೆನ್ನಾಗಿ ಅವರ ಮಾತು ಒಳಗೆ ಇಳಿಯುತ್ತೆ.

ನಂಗೆ ಲೆಕ್ಕ ಗೊತ್ತು ಮಿಸ್, ಪ್ರಶ್ನೆ ಇಂಗ್ಲಿಷಲ್ಲಿದ್ರೆ ಕೈ ನಿಂತೋಗುತ್ತೆ. ಕನ್ನಡ ಮೀಡಿಯಂ. ಏನ್ಮಾಡ್ಲಿ?

ಇದು ನಾನು ಜಾಸ್ತಿ ಕೇಳೋ ಮಾತು, ಅರಕಲಗೂಡು ಕಡೆಯವರು, ಬೇಲೂರು ಕಡೆಯವರು, ಸಕಲೇಶಪುರದ ಎಸ್ಟೇಟ್ ಲೈನಿಂದ ಬರೋ ಮಕ್ಕಳು ಎಲ್ಲಾ ಇದನ್ನೇ ಹೇಳ್ತಾರೆ. ಪೂರ್ತಿ ಇಂಗ್ಲಿಷ್ ಕಲಿತು ಆಮೇಲೆ ಟೆಸ್ಟ್ ಬರೀತೀನಿ ಅಂತ ಕೂತ್ಕೋಬೇಡಿ. ಆಪ್ಟಿಟ್ಯೂಡ್ ಪೇಪರಲ್ಲಿ ಎಡವಿಸೋ ಮಾತುಗಳು ಲೆಕ್ಕಕ್ಕೆ ಸಿಗೋವಷ್ಟೇ ಇವೆ. ಇನ್‌ಕ್ರೀಸ್ಡ್ ಬೈ 20 ಅಂದ್ರೆ 20 ಜಾಸ್ತಿ ಆಯ್ತು, ಇನ್‌ಕ್ರೀಸ್ಡ್ ಟು 20 ಅಂದ್ರೆ ಏರಿ 20ಕ್ಕೆ ನಿಂತ್ಕೊಂತು, ಎರಡಕ್ಷರದಲ್ಲಿ ಉತ್ತರಾನೇ ಬೇರೆ. ಅಟ್ ಲೀಸ್ಟ್ 5 ಅಂದ್ರೆ 5 ಅಥವಾ ಅದಕ್ಕಿಂತ ಜಾಸ್ತಿ, ಲೀಸ್ಟ್ ಅನ್ನೋ ಪದ ನೋಡಿ ಕಮ್ಮಿ ಅಂದ್ಕೊಂಡು ಎಷ್ಟು ಜನ ತಪ್ಪು ಮಾಡಿದಾರೋ. ಎಕ್ಸ್‌ಕ್ಲೂಡಿಂಗ್, ರೆಸ್ಪೆಕ್ಟಿವ್ಲಿ, ಕಾನ್ಸಿಕ್ಯುಟಿವ್, ರಿಮೈನಿಂಗ್, ಇಂಥವನ್ನ ಒಂದು ಪುಟದಲ್ಲಿ ಬರೆದು ಪಕ್ಕದಲ್ಲಿ ಕನ್ನಡದಲ್ಲಿ ಅರ್ಥ, ಕೆಳಗೆ ಒಂದು ಸಣ್ಣ ಲೆಕ್ಕ ಮಾಡಿಡಿ. ಪ್ರಶ್ನೆ ಓದಿದ ಕೂಡ್ಲೇ ಲೆಕ್ಕಕ್ಕೆ ಇಳೀಬೇಡಿ, ಮೊದಲು ನಿಮ್ಮ ಮಾತಲ್ಲಿ ಕನ್ನಡದಲ್ಲಿ ಹೇಳ್ಕೊಳ್ಳಿ, ಏನು ಕೊಟ್ಟಿದಾರೆ ಏನು ಕೇಳ್ತಿದಾರೆ ಅಂತ. ಇದಕ್ಕೆ ಟೈಮ್ ಹಿಡಿಯುತ್ತೆ ಅನ್ಸುತ್ತೆ, ಎರಡು ವಾರ ಮಾಡಿದ್ರೆ ತಾನಾಗೇ ಬೇಗ ಆಗುತ್ತೆ.

ಪರ್ಸೆಂಟೇಜು, ಟೈಮ್ ಅಂಡ್ ವರ್ಕ್ ತಲೆಗೆ ಹೋಗಲ್ಲ. ಫಾರ್ಮುಲಾ ಬಾಯಿಪಾಠ ಮಾಡಿದ್ರೆ ಸಾಕಾ?

ಬೇಡ. ನಿಮ್ಮ ಮನೇಲಿ ದಿನಾ ನಡೆಯೋದೇ ಇದು. ಹನ್ನೆರಡು ಆಳು ಐದು ದಿನ ಕಾಫಿ ಕೊಯ್ದ್ರೆ ತೋಟ ಮುಗಿಯುತ್ತೆ, ಇಬ್ಬರು ಬರಲಿಲ್ಲ, ಎಷ್ಟು ದಿನ ಬೇಕು? ಹನ್ನೆರಡೈದು 60 ಆಳಿನ ಕೆಲಸ, ಹತ್ತು ಜನ ಮಾಡಿದ್ರೆ ಆರು ದಿನ. ಇದನ್ನ ಮೇಸ್ತ್ರಿ ನಿಂತಲ್ಲೇ ಹೇಳ್ತಾನೆ, ಟೈಮ್ ಅಂಡ್ ವರ್ಕ್ ಅಂತ ಹೆಡಿಂಗ್ ಹಾಕಿದ ಕೂಡ್ಲೇ ಅವನ ಮಗನಿಗೆ ಭಯ ಆಗುತ್ತೆ. ಪರ್ಸೆಂಟೇಜೂ ಹಾಗೇ. ಆಲೂಗಡ್ಡೆ ಮೂಟೆ 1000 ರೂಪಾಯಿ ಅಂತಿಟ್ಕೊಳ್ಳಿ, 20 ಪರ್ಸೆಂಟ್ ಏರಿತು, ಆಮೇಲೆ 20 ಪರ್ಸೆಂಟ್ ಇಳೀತು, ಈಗ ರೇಟ್ ಎಷ್ಟು? ಕ್ಲಾಸಲ್ಲಿ ಮುಕ್ಕಾಲು ಜನ 1000 ಅಂತಾರೆ. ಏರಿ 1200 ಆಯ್ತು, ಇಳಿಯೋ 20 ಪರ್ಸೆಂಟ್ ಲೆಕ್ಕ ಹಾಕೋದು ಈ 1200ರ ಮೇಲೆ, 240 ಹೋಗಿ 960. ನಿಮ್ಮ ತಾತಂದಿರು ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿ ಅಂತ ಕಲೀತಿದ್ರು, ಮನೇಲಿ ಹಿರಿಯರಿದ್ರೆ ಕೂತು ಹೇಳಿಸ್ಕೊಳ್ಳಿ. ಮಗ್ಗಿ 20ರ ತನಕ ಬರ್ಲೇಬೇಕು, ಅದಕ್ಕೆ ಶಾರ್ಟ್‌ಕಟ್ ನಾನು ಕಂಡಿಲ್ಲ.

ದಿನಕ್ಕೆ ಎಷ್ಟು ಹೊತ್ತು, ಎಷ್ಟು ತಿಂಗಳು?

ದಿನಾ ನಲವತ್ತೈದು ನಿಮಿಷದಿಂದ ಒಂದು ಗಂಟೆ, ಮೂರು ತಿಂಗಳು ಬಿಡದೇ. ಭಾನುವಾರ ಆರು ಗಂಟೆ ಕೂತು ಉಳಿದ ದಿನ ಬಿಡೋದಕ್ಕಿಂತ ಇದು ಎಷ್ಟೋ ಮೇಲು. ಓದಿದ್ದನ್ನೇ ಇನ್ನೊಂದ್ಸಲ ಓದಬೇಡಿ, ಪುಸ್ತಕ ಮುಚ್ಚಿ ಬರೆದು ನೋಡಿ. 2006ರಲ್ಲಿ ರೋಡಿಗರ್, ಕಾರ್ಪಿಕೆ ಅನ್ನೋ ಇಬ್ಬರು ಕಾಲೇಜ್ ಮಕ್ಕಳ ಮೇಲೇ ಇದನ್ನ ತೋರಿಸಿದ್ರು, ಐದು ನಿಮಿಷ ಆದ್ಮೇಲೆ ಕೇಳಿದ್ರೆ ಮತ್ತೆ ಮತ್ತೆ ಓದಿದವರೇ ಮುಂದೆ, ಒಂದು ವಾರ ಆದ್ಮೇಲೆ ಕೇಳಿದ್ರೆ ಪುಸ್ತಕ ಮುಚ್ಚಿ ನೆನಪಿಸ್ಕೊಂಡು ಬರೆದವರು ಮುಂದೆ. ನಿಮ್ಮ ಟೆಸ್ಟ್ ಐದು ನಿಮಿಷಕ್ಕೆ ಬರಲ್ವಲ್ಲ.

ಮಾಕ್ ಟೆಸ್ಟ್ ಮಾಡ್ತಾ ಹೋದ್ರೆ ಸಾಲ್ದಾ?

ಕೊನೆ ಒಂದು ತಿಂಗಳು ಮಾಡಿ. ಟಿಇಟಿ ಥರದ ಪೇಪರಿಗೆ ಪ್ರಶ್ನೆಗೆ ಒಂದು ನಿಮಿಷ ಸಿಗೋದು, ಆ ಅಭ್ಯಾಸ ಮಾಕ್‌ನಿಂದಲೇ ಬರೋದು, ನೆಗೆಟಿವ್ ಇಲ್ಲದ ಕಡೆ ಒಂದೂ ಖಾಲಿ ಬಿಡಬಾರದು ಅನ್ನೋದೂ ಅಲ್ಲೇ ರೂಢಿ ಆಗೋದು. ಶುರುವಿನಲ್ಲೇ ಬರೀ ಮಾಕ್ ಮಾಡಿದ್ರೆ ಅದೇ ತಪ್ಪು ಬೇಗ ಬೇಗ ಮಾಡೋದು ಕಲೀತೀರಿ.

ಕೋಚಿಂಗ್ ಸೆಂಟರ್‌ಗೆ ದುಡ್ಡು ಕಟ್ಬೇಕಾ?

ಸಾಲ ಮಾಡಿ ಕಟ್ಟಬೇಡಿ. ಹತ್ತನೇ ಕ್ಲಾಸ್ ಲೆವೆಲ್ಲಿಗೆ ಆರರಿಂದ ಹತ್ತರ ತನಕದ ಗಣಿತ ಪಠ್ಯಪುಸ್ತಕ ಸಾಕು, ಕನ್ನಡ ಮೀಡಿಯಂದು ಇಂಗ್ಲಿಷ್ ಮೀಡಿಯಂದು ಎರಡೂ ಪಕ್ಕ ಪಕ್ಕ ಇಟ್ಕೊಂಡು ಮಾಡಿದ್ರೆ ಭಾಷೆಯ ತೊಂದರೇನೂ ಅರ್ಧ ಕಮ್ಮಿ ಆಗುತ್ತೆ. ಕೋಚಿಂಗ್‌ಗೆ ಹೋಗೋದೇ ಆದ್ರೆ ಮೇಲೆ ಹೇಳಿದ ಮೊದಲ ವಾರದ ಪರೀಕ್ಷೆ ಅವರಿಗೂ ಮಾಡಿ.

ರಿಮೀಡಿಯಲ್ ಬ್ಯಾಚಲ್ಲಿ ಕೂತ್ರೆ ದಡ್ಡರ ಬ್ಯಾಚ್ ಅಂತ ಆಡ್ಕೊಳ್ತಾರೆ. ಹೋಗೋಕೆ ನಾಚಿಕೆ.

ಈ ಮಾತು ಕೇಳಿದಾಗೆಲ್ಲಾ ಸಂಕಟ ಆಗುತ್ತೆ. ತಪ್ಪು ನಿಮ್ಮದಲ್ಲ, ಹೆಸರು ಕರೆದು ನೋಟಿಸ್ ಬೋರ್ಡಿಗೆ ಲಿಸ್ಟ್ ಹಾಕೋರದ್ದು. ನಾನು ಲಿಸ್ಟ್ ಹಾಕೋದು ಬಿಟ್ಟೆ, ಪ್ಲೇಸ್‌ಮೆಂಟ್ ಪ್ರಾಕ್ಟೀಸ್ ಅಂತ ಕರೆದೆ, ಯಾರು ಬೇಕಾದ್ರೂ ಬನ್ನಿ ಅಂದೆ. ಚೆನ್ನಾಗಿ ಓದೋರೂ ಬಂದು ಕೂತ್ರು, ಅವರಲ್ಲೂ ಒಬ್ಬಳು 618ನ್ನ ಭಾಗಿಸಿ 13 ಬರೆದ್ಲು. ಆವತ್ತಿಂದ ಆ ಮಾತು ನಮ್ಮ ರೂಮಲ್ಲಿ ನಿಂತುಹೋಯ್ತು.

ಡಿಸೆಂಬರಿಂದ ಫೆಬ್ರವರಿ ತನಕ ಕಾಫಿ ಕೊಯ್ಲು, ಮನೇಲಿ ಕಳಿಸಲ್ಲ. ಕ್ಲಾಸ್ ತಪ್ಪುತ್ತೆ.

ಗೊತ್ತು. ಮೂಡಿಗೆರೆ, ಸಕಲೇಶಪುರ ಕಡೆಯವರು ಆ ಮೂರು ತಿಂಗಳು ಅರ್ಧಕ್ಕರ್ಧ ಬರಲ್ಲ. ಇದಕ್ಕೆ ಮಕ್ಕಳನ್ನ ಬಯ್ಯೋದು ಸರಿ ಅಲ್ಲ, ಆ ಕೂಲಿ ದುಡ್ಡಲ್ಲೇ ಫೀಸ್ ಕಟ್ಟೋರಿದಾರೆ. ರಿಮೀಡಿಯಲ್ ಬ್ಯಾಚನ್ನ ಕೊಯ್ಲಿಗೆ ಮುಂಚೆ ಮುಗಿಯೋ ಹಾಗೆ ಹಾಕ್ಬೇಕು, ನಾನು ಕೇಳಿ ಕೇಳಿ ಈಗ ಹಾಗೇ ಮಾಡಿಸ್ಕೊಂಡಿದೀನಿ. ನ್ಯೂಯಾರ್ಕಲ್ಲಿ 2007ರಲ್ಲಿ ಅಸಾಪ್ ಅಂತ ಒಂದು ಕಾರ್ಯಕ್ರಮ ಶುರು ಮಾಡಿದ್ರು, ಟ್ಯೂಟರ್ ಕೊಟ್ರು, ಪ್ರತಿ ವಿದ್ಯಾರ್ಥಿಯನ್ನ ವಿಚಾರಿಸ್ಕೊಳ್ಳೋಕೆ ಒಬ್ಬ ಅಡ್ವೈಸರ್ ಕೊಟ್ರು, ಓಡಾಡೋಕೆ ಫ್ರೀ ಪಾಸ್ ಕೊಟ್ರು. ರಿಮೀಡಿಯಲ್ ಬೇಕಿದ್ದ ಮಕ್ಕಳಲ್ಲೇ ಮೂರು ವರ್ಷಕ್ಕೆ ಡಿಗ್ರಿ ಮುಗಿಸಿದವರು 40 ಪರ್ಸೆಂಟ್, ಈ ಸೌಲಭ್ಯ ಇಲ್ಲದ ಗುಂಪಲ್ಲಿ 22. ಬಸ್ ಪಾಸಿಗೂ ಲೆಕ್ಕಕ್ಕೂ ಏನು ಸಂಬಂಧ ಅಂತ ಕೇಳೋರಿಗೆ ನಾನು ಇದನ್ನೇ ಹೇಳೋದು. ನಮ್ಮಲ್ಲಿ 2023ರ ಜೂನಲ್ಲಿ ಶಕ್ತಿ ಯೋಜನೆ ಬಂದ್ಮೇಲೆ ಹೆಣ್ಮಕ್ಕಳಿಗೆ ಟಿಕೆಟ್ ಚಿಂತೆ ಇಲ್ಲ, ಆದ್ರೆ ಸಂಜೆ ಐದರ ಮೇಲೆ ಹಳ್ಳಿ ಕಡೆ ಬಸ್ಸೇ ಇಲ್ಲದಿದ್ರೆ ಏನು ಮಾಡೋದು? ಹಾಗಾಗಿ ರಿಮೀಡಿಯಲ್ ಕ್ಲಾಸ್ ಸಂಜೆಗೆ ಹಾಕಬೇಡಿ, ಟೈಮ್‌ಟೇಬಲ್ ಒಳಗೇ ತನ್ನಿ ಅಂತ ಯಾವ ಮೀಟಿಂಗಲ್ಲಾದ್ರೂ ಎದ್ದು ನಿಂತು ಹೇಳ್ತೀನಿ.

ನಾವು ಅಪ್ಪ ಅಮ್ಮ, ಓದಿಲ್ಲ. ಏನು ಸಹಾಯ ಮಾಡೋಕಾಗುತ್ತೆ?

ಮೊದಲ ಇಂಟರ್ನಲ್ಸ್ ಮಾರ್ಕ್ಸ್ ನೋಡಿ ಹೊಡೀಬೇಡಿ, ಪಕ್ಕದ ಮನೆಯವರ ಮಗನ ಸುದ್ದಿ ಎತ್ತಬೇಡಿ. ಸಂತೆಗೆ ಹೋದಾಗ, ಡೇರಿಗೆ ಹಾಲು ಹಾಕಿದಾಗ ಲೆಕ್ಕ ಅವರ ಕೈಯಲ್ಲೇ ಹಾಕಿಸಿ. ದಿನಕ್ಕೆ ಒಂದು ಗಂಟೆ ಅವರನ್ನ ಯಾವ ಕೆಲಸಕ್ಕೂ ಕರೀಬೇಡಿ, ಹೆಣ್ಮಕ್ಕಳಿಗೆ ಇದು ಇನ್ನೂ ಮುಖ್ಯ, ಅಡುಗೆ ಪಾತ್ರೆ ಅಂತ ಎಬ್ಬಿಸೋದು ಅವರನ್ನೇ ಜಾಸ್ತಿ.

ನಾನೂ ಲೆಕ್ಚರರ್. ನಮ್ಮ ರಿಮೀಡಿಯಲ್ ಆದ್ಮೇಲೆ ಎಲ್ಲರ ಮಾರ್ಕ್ಸ್ ಏರಿದೆ. ಅಂದ್ರೆ ಕೆಲಸ ಮಾಡ್ತು ಅಂತಲ್ವಾ?

ಸ್ವಲ್ಪ ತಾಳಿ ಸಾರ್. ಮೊದಲ ಟೆಸ್ಟಲ್ಲಿ ತೀರಾ ಕಮ್ಮಿ ತೆಗೆದವರನ್ನ ಮಾತ್ರ ಆರಿಸ್ಕೊಂಡ್ರೆ ಎರಡನೇ ಟೆಸ್ಟಲ್ಲಿ ಅವರ ಮಾರ್ಕ್ಸ್ ಏನೂ ಮಾಡದಿದ್ರೂ ಸ್ವಲ್ಪ ಏರುತ್ತೆ, ಯಾಕಂದ್ರೆ ಆವತ್ತು ಹುಷಾರಿಲ್ಲದೆ, ಅದೃಷ್ಟ ಕೈಕೊಟ್ಟು ಬಿದ್ದವರೂ ಅದ್ರಲ್ಲಿ ಇರ್ತಾರೆ. ಅದಕ್ಕೆ ಗೆರೆಗಿಂತ ಸ್ವಲ್ಪ ಮೇಲಿದ್ದು ಕ್ಲಾಸಿಗೆ ಬರದೇ ಇದ್ದವರ ಮಾರ್ಕ್ಸೂ ಪಕ್ಕದಲ್ಲಿಟ್ಟು ನೋಡಿ, ಎರಡು ತಿಂಗಳು ಬಿಟ್ಟು ಇನ್ನೊಂದು ಟೆಸ್ಟ್ ಕೊಡಿ, ಅದೇ ಪ್ರಶ್ನೆ ಅಂಕಿ ಬದಲಾಯಿಸಿ ಕೊಡೋದಲ್ಲ, ಅದೇ ವಿಷಯ ಬೇರೆ ಮಾತಲ್ಲಿ. ಮತ್ತೆ ಮಧ್ಯದಲ್ಲಿ ಬಿಟ್ಟುಹೋದವರನ್ನ ಲೆಕ್ಕದಿಂದ ತೆಗೀಬೇಡಿ ದಯವಿಟ್ಟು. ಅವರಿಗೋಸ್ಕರಾನೇ ಅಲ್ವಾ ಈ ಕ್ಲಾಸ್ ಶುರು ಮಾಡಿದ್ದು.

ಸರಿ, ನಾಳೆಯಿಂದ ಬರ್ತೀನಿ. ಏನು ತರ್ಬೇಕು?

ಹೊಸ ನೋಟ್‌ಬುಕ್ ಬೇಡ, ಗೈಡ್ ಬೇಡ. ಇಂಟರ್ನಲ್ಸಲ್ಲಿ ಕಮ್ಮಿ ಬಂದ ಆ ಪೇಪರ್ ಇದೆಯಲ್ಲ, ಮಡಚಿ ಬ್ಯಾಗಿನ ತಳದಲ್ಲಿ ಇಟ್ಟಿರ್ತೀರ, ಅದನ್ನ ತನ್ನಿ. ಒಂದು ಪೆನ್ಸಿಲ್. ತಪ್ಪಾದ ಲೆಕ್ಕವನ್ನ ಅಳಿಸಿ ಬರ್ಬೇಡಿ, ಹಾಗೇ ಇರ್ಲಿ, ಅಲ್ಲಿಂದಾನೇ ಶುರು ಮಾಡೋಣ.